ಸೋದರತ್ತೆ ಎಂಬ ಹಕ್ಕಿ

ತಕ್ಕಡಿ ಸಾಹೇಬರು ಪಕ್ಷಿತಜ್ಞರಾದದ್ದು ಒಂದು ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ, ತಮ್ಮದೇ ಅಡುಗೆಮನೆಯ ಬಾಗಿಲಲ್ಲಿ, ಬೆನ್ನಿಗೆ ಅಂಟಿಕೊಂಡಿದ್ದ ಒಣಹುಲ್ಲಿನ ಕಾರಣದಿಂದ. ಅದಕ್ಕೆ ಮೊದಲು ಅವರು ಏನೂ ಆಗಿರಲಿಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅಂಗಡಿಗಳ ತಕ್ಕಡಿಗೆ ಮುದ್ರೆ ಒತ್ತಿ ನಿವೃತ್ತರಾಗಿದ್ದರು, ಅಷ್ಟೆ. ಬೀದಿಯವರಿಗೆ ಅವರ ಹೆಸರು ಮರೆತುಹೋಗಿ ತಕ್ಕಡಿ ಮಾತ್ರ ನೆನಪಿನಲ್ಲಿ ಉಳಿದಿತ್ತು.

ದಿನಕ್ಕೆ ಒಂದು ಗಂಟೆ ನಡೆಯಲೇಬೇಕೆಂದು ಡಾಕ್ಟರು ಬರೆದುಕೊಟ್ಟಿದ್ದರು. ಸಾಹೇಬರು ಈ ಆಜ್ಞೆಯನ್ನು ಏಳು ನಿಮಿಷದ ಮಟ್ಟಿಗೆ ಪಾಲಿಸುತ್ತಿದ್ದರು. ಬೆಳಿಗ್ಗೆ ಆರೂವರೆಗೆ ಬಿಳಿ ಷೂ ಕಟ್ಟಿಕೊಂಡು, ಮನೆಯಿಂದ ಏಳು ನಿಮಿಷದ ದಾರಿಯಲ್ಲಿದ್ದ ಪಾಲಿಕೆಯ ಗಾಲ್ಫ್ ಮೈದಾನಕ್ಕೆ ಹೋಗುವುದು. ಅಲ್ಲಿ ಹದಿನಾಲ್ಕನೇ ಗುಂಡಿಯ ಹಿಂದೆ, ಕೊಳದ ದಂಡೆಯ ಮರದ ಕೆಳಗೆ ಮಲಗುವುದು. ಎಂಟಕ್ಕೆ ಎದ್ದು ಮುಖಕ್ಕೆ ಕೊಳದ ನೀರು ಚಿಮುಕಿಸಿಕೊಂಡು ಬೆವರಿದವರಂತೆ ಮನೆಗೆ ಬರುವುದು. ಎರಡು ವರ್ಷ ಈ ವ್ಯವಸ್ಥೆ ಯಾರಿಗೂ ತೊಂದರೆಯಿಲ್ಲದೆ ನಡೆದಿತ್ತು. ತೂಕ ಮಾತ್ರ ಇಳಿದಿರಲಿಲ್ಲ. ತೂಕದ ಯಂತ್ರಗಳನ್ನು ನಂಬಲೇಬಾರದೆಂದು ಇಲಾಖೆಯ ಅನುಭವದ ಆಧಾರದ ಮೇಲೆ ಅವರು ಹೆಂಡತಿಗೆ ವಿವರಿಸಿದ್ದರು.

ಆ ಸೋಮವಾರ ಹೆಂಡತಿ ಅವರ ಬೆನ್ನು ನೋಡಿದರು.

"ರೀ, ಇದೇನ್ರೀ ಬೆನ್ನ ತುಂಬಾ ಹುಲ್ಲು?"

"ಹುಲ್ಲಾ? ನಡೆಯೋವಾಗ ಅಂಟಿರಬೇಕು."

"ನಡೆಯೋರಿಗೆ ಕಾಲಿಗೆ ಅಂಟುತ್ತೆ. ನೀವೇನು ಬೆನ್ನಲ್ಲಿ ನಡೀತೀರಾ?"

ಸಾಹೇಬರ ಬುದ್ಧಿ ಚುರುಕಾಗಿ ಓಡಿದ್ದು ಅವರ ಆಯುಷ್ಯದಲ್ಲಿ ಅದೇ ಮೊದಲು. ಅದೇ ಗಳಿಗೆಗೆ ಕಿಟಕಿಯ ಹೊರಗೆ ಒಂದು ಕಾಗೆ ಕೂಗಿತು.

"ಹಕ್ಕಿ ನೋಡ್ತಾ ಇದ್ದೆ ಕಣೇ. ಮಲಗಿ ನೋಡಬೇಕು. ನಿಂತರೆ ಹಾರಿಹೋಗ್ತವೆ."

"ಹಕ್ಕಿ ನೋಡ್ತೀರಾ? ಯಾವಾಗಿನಿಂದ?"

"ಎರಡು ವರ್ಷದಿಂದ. ಸಾಧನೆ ಅಂತ ಆದಮೇಲೆ ಹೇಳೋಣ ಅಂತ ಸುಮ್ಮನಿದ್ದೆ."

ಇಲ್ಲಿಗೆ ಮುಗಿಯಬೇಕಾಗಿದ್ದ ಮಾತು ಮುಗಿಯಲಿಲ್ಲ. ಅದಕ್ಕೆ ಕಾರಣ ಹೆಂಡತಿಯ ಅಕ್ಕನ ಗಂಡ. ಆ ಮಹಾಶಯರು ನಿವೃತ್ತಿಯ ನಂತರ ಪಿಟೀಲು ಕಲಿಯತೊಡಗಿದ್ದರು. ಪ್ರತಿ ವಾರ ಅಕ್ಕ ಫೋನಿನಲ್ಲಿ ಆ ಪಿಟೀಲಿನ ಪ್ರಗತಿಯನ್ನು ವರದಿ ಮಾಡುತ್ತಿದ್ದರು. ಕೆಲವು ಸಲ ಗಂಡನ ಕೈಯಲ್ಲಿ ನುಡಿಸಿಯೂ ಕೇಳಿಸುತ್ತಿದ್ದರು. ಇದನ್ನೆಲ್ಲ ಒಂದೂವರೆ ವರ್ಷ ಹಲ್ಲು ಕಚ್ಚಿಕೊಂಡು ಕೇಳಿದ್ದ ತಂಗಿ ಆ ಬೆಳಿಗ್ಗೆ ತಾವಾಗಿಯೇ ಫೋನು ಎತ್ತಿದರು.

"ನಮ್ಮನೆಯವರು ಪಕ್ಷಿಶಾಸ್ತ್ರದಲ್ಲಿ ಇದಾರೆ ಅಕ್ಕ. ಹೌದು, ಎರಡು ವರ್ಷದಿಂದ. ನನಗೂ ಹೇಳಿರಲಿಲ್ಲ, ಅಷ್ಟು ಆಳಕ್ಕೆ ಇಳಿದುಬಿಟ್ಟಿದಾರೆ. ಇದರಲ್ಲಿ ಸದ್ದು ಬರಲ್ಲ ನೋಡು, ಹಾಗಾಗಿ ಅಕ್ಕಪಕ್ಕದೋರಿಗೂ ಹಿತ."

ಗುರುವಾರದ ಹೊತ್ತಿಗೆ ಸಾಹೇಬರ ಕೊರಳಲ್ಲಿ ದುರ್ಬೀನು ನೇತಾಡುತ್ತಿತ್ತು. ಮುಂದಿನ ವಾರದ ಹೊತ್ತಿಗೆ ಬೀದಿಯ ಕೊನೆಯ ಮನೆಯವರೂ ತಮ್ಮ ಮಾಳಿಗೆಯ ಪಾರಿವಾಳಗಳ ಬಗ್ಗೆ ಅವರ ಅಭಿಪ್ರಾಯ ಕೇಳಿಯಾಗಿತ್ತು. "ನೋಡೋಣ" ಎಂದು ಸಾಹೇಬರು ಎಲ್ಲರಿಗೂ ಗಂಭೀರವಾಗಿ ಹೇಳಿದರು. ಪಕ್ಷಿಶಾಸ್ತ್ರದಲ್ಲಿ ಅವರಿಗೆ ಬರುತ್ತಿದ್ದದ್ದು ಆ ಒಂದೇ ಮಾತು.

ಹೀಗಿರುವಾಗ ಪಾಲಿಕೆ ಒಂದು ಪ್ರಕಟಣೆ ಹೊರಡಿಸಿತು. ನಲವತ್ತು ಎಕರೆ ಗಾಲ್ಫ್ ಮೈದಾನ 'ಬಳಕೆಯಿಲ್ಲದ ಜಾಗ'ವೆಂದೂ, ಅಲ್ಲಿ ಒಂದು ಸಭಾಭವನ, ಅಂಗಡಿ ಸಾಲು ಮತ್ತು ಹನ್ನೆರಡು ಮಹಡಿಯ ಮನೆಗಳು ಬರಲಿವೆಯೆಂದೂ, ಆಕ್ಷೇಪಣೆ ಇರುವವರು ಹದಿನೈದು ದಿನದೊಳಗೆ ತಿಳಿಸಬೇಕೆಂದೂ ಅದರಲ್ಲಿತ್ತು. ಇಡೀ ಕಟ್ಟಡ ಸಮೂಹಕ್ಕೆ 'ಹಕ್ಕಿಗೂಡು' ಎಂದು ಹೆಸರಿಟ್ಟಿದ್ದರು. ಯಾವುದನ್ನು ಓಡಿಸುತ್ತಾರೋ ಅದರ ಹೆಸರನ್ನೇ ಗೋಡೆಯ ಮೇಲೆ ಬರೆಯುವಷ್ಟು ಸೌಜನ್ಯ ಆ ಕಸುಬಿನವರಿಗೆ ಇದೆ.

ಬೀದಿ ಕೆರಳಿತು. ಹಕ್ಕಿಗಳಿಗಾಗಿ ಕೆರಳಿತೆಂದು ಯಾರೂ ತಿಳಿಯಬಾರದು. ನಿವಾಸಿಗಳ ಸಂಘದ ಮುಖ್ಯಸ್ಥರಾಗಿದ್ದ ನಿವೃತ್ತ ಹೆಡ್‌ಮಾಸ್ತರಿಗೆ ತಮ್ಮ ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸಿ, ಅಲ್ಲಿಂದ ಮೈದಾನ ನೋಡುತ್ತ ಕಾಫಿ ಕುಡಿಯುವ ಆಸೆಯಿತ್ತು. ಔಷಧಿ ಅಂಗಡಿಯವರು ಮೈದಾನದ ಗೋಡೆಗೆ ಒತ್ತಿ ತಮ್ಮ ಎರಡು ಕಾರು ನಿಲ್ಲಿಸುತ್ತಿದ್ದರು. ಉಳಿದವರಿಗೂ ಇಂಥದೇ ಉದಾತ್ತ ಕಾರಣಗಳಿದ್ದವು. ಆದರೆ ಅರ್ಜಿಯಲ್ಲಿ ಕಾಫಿಯ ವಿಷಯ ಬರೆಯಲಾಗುವುದಿಲ್ಲ. ಆದ್ದರಿಂದ ಐದು ಜನ ಸೇರಿ ಸಾಹೇಬರ ಮನೆಗೆ ಬಂದರು.

"ಸಾಹೇಬ್ರೇ, ಆ ಮೂಕ ಜೀವಿಗಳನ್ನ ನೆನೆಸಿಕೊಂಡರೆ ನನಗೆ ನಿದ್ದೆ ಬರ್ತಿಲ್ಲ" ಎಂದರು ಹೆಡ್‌ಮಾಸ್ತರು.

"ಯಾವ ಜೀವಿಗಳು?"

"ಹಕ್ಕಿಗಳು ಸಾಹೇಬ್ರೇ, ನಿಮ್ಮ ಹಕ್ಕಿಗಳು. ಅಲ್ಲಿ ಏನೇನಿದೆ ಅಂತ ಗೊತ್ತಿರೋದು ನಿಮಗೊಬ್ಬರಿಗೇ. ಎರಡು ವರ್ಷದ ದಾಖಲೆ ಬರೆದಿಟ್ಟಿರ್ತೀರಲ್ಲ?"

"ದಾಖಲೆ..." ಎಂದು ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಹೆಂಡತಿಯ ದನಿ ಬಂತು.

"ಇಲ್ಲದೆ ಏನು? ಇಲಾಖೆಯಲ್ಲಿ ಒಂದು ಗ್ರಾಂ ಹೆಚ್ಚುಕಮ್ಮಿ ಬರೆದೋರಲ್ಲ ಅವರು. ರಿಜಿಸ್ಟರ್ ಇದೆ. ಮುಂದಿನ ವಾರ ಬಂದು ನೋಡಿ."

ಮಾರನೆಯ ಬೆಳಿಗ್ಗೆ ಸಾಹೇಬರು ಎರಡು ವರ್ಷದಲ್ಲಿ ಮೊದಲ ಬಾರಿಗೆ ಮೈದಾನದಲ್ಲಿ ಎಚ್ಚರವಾಗಿದ್ದರು. ದುರ್ಬೀನು ಕಣ್ಣಿಗಿಟ್ಟು ನೋಡಿದರು. ಬಹು ದೂರದಲ್ಲಿ ಇರುವೆಯಷ್ಟು ಚಿಕ್ಕ ಯಂತ್ರವೊಂದು ಬರುತ್ತಿರುವುದು ಕಾಣಿಸಿತು. ಕಣ್ಣಿನಿಂದ ತೆಗೆದು ನೋಡಿದರೆ ಅದು ಮೊಣಕಾಲಿಗೇ ಬಂದು ನಿಂತಿತ್ತು.

"ತಿರುಗಿಸಿ ಹಿಡ್ಕೊಳ್ಳಿ ಸಾಹೇಬ್ರೇ. ಉಲ್ಟಾ ಇದೆ."

ಯಂತ್ರದ ಮೇಲೆ ಕೂತಿದ್ದವರು ಮೆಷಿನಕ್ಕ. ಇಪ್ಪತ್ತೆರಡು ವರ್ಷದಿಂದ ಆ ಮೈದಾನದ ಹುಲ್ಲು ಕತ್ತರಿಸುತ್ತಿದ್ದ ಐವತ್ತು ದಾಟಿದ ಹೆಂಗಸು. ಯಾರ ಮುಖವನ್ನೂ ಹೆಚ್ಚು ಹೊತ್ತು ನೋಡುವ ಅಭ್ಯಾಸ ಅವರಿಗಿರಲಿಲ್ಲ. ಕಣ್ಣು ಯಾವಾಗಲೂ ಹುಲ್ಲಿನ ಮೇಲಿರುತ್ತಿತ್ತು.

"ಇವತ್ತು ಮಲಗಲಿಲ್ವಾ?" ಎಂದು ಕೇಳಿದರು.

"ನಾನು ಮಲಗೋದು ನಿಮಗೆ ಗೊತ್ತಾ?"

"ಗೊತ್ತಿಲ್ಲದೆ ಏನು. ನಿಮಗೆ ಎಚ್ಚರ ಆಗುತ್ತೆ ಅಂತ ಈ ಹದಿನಾಲ್ಕನೇದನ್ನ ಕೊನೆಗೆ ಕತ್ತರಿಸ್ತೀನಿ."

ಸಾಹೇಬರು ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಎಲ್ಲವನ್ನೂ ಹೇಳಿಕೊಂಡರು. ಹುಲ್ಲು, ಕಾಗೆ, ಪಿಟೀಲು, ರಿಜಿಸ್ಟರು. ಮೆಷಿನಕ್ಕ ನಗಲಿಲ್ಲ. ಯಂತ್ರ ಆರಿಸಿ ಕೆಳಗಿಳಿದರು.

"ಬರ್ಕೊಳ್ಳಿ" ಎಂದರು. "ಅಲ್ಲಿ ರೆಕ್ಕೆ ಬಿಚ್ಚಿಕೊಂಡು ಒಣಗಿಸ್ತಾ ನಿಂತಿದೆಯಲ್ಲ ಕರೀದು, ಅದು ಕೊಡೆ ರಿಪೇರಿ. ಒಂಬತ್ತು ಇವೆ. ಒಂಟಿ ಕಾಲಲ್ಲಿ ಕಣ್ಣು ಮುಚ್ಚಿ ನಿಂತಿರೋದು ಗುಮಾಸ್ತ. ಮೀನು ತಾನಾಗಿ ಹತ್ರ ಬರೋವರೆಗೂ ಅಲ್ಲಾಡಲ್ಲ. ಆ ನೀಲಿ ಗೆರೆ ಎಳೆದ ಹಾಗೆ ಹೋಯ್ತಲ್ಲ, ಅದು ಶಾಯಿ."

"ಹೋಯ್ತಾ? ಯಾವಾಗ?"

"ನೀವು ಪೆನ್ನಿನ ಮುಚ್ಚಳ ತೆಗೆಯೋವಾಗ."

ಆಗ ಕೊಳದ ಆಚೆ ದಂಡೆಯಿಂದ ಕಿವಿ ಹರಿಯುವಂಥ ಕೂಗು ಎದ್ದಿತು. ಉದ್ದ ಕಾಲಿನ ಕಂದು ಬಣ್ಣದ ಹಕ್ಕಿಯೊಂದು ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಓಡಿ, ನಿಂತು, ಇವರ ಕಡೆ ತಿರುಗಿ ಬೈಯತೊಡಗಿತು.

"ಅದು ಸೋದರತ್ತೆ" ಎಂದರು ಮೆಷಿನಕ್ಕ. "ನನ್ನ ಬಿಟ್ಟು ಯಾರು ಬಂದರೂ ಮೊದಲು ಬೈಗುಳ. ಯಾಕೆ ಬಂದೆ, ಯಾರನ್ನ ಕೇಳಿ ಬಂದೆ, ಬಂದೋನು ಯಾಕಿನ್ನೂ ಹೋಗಿಲ್ಲ. ಗೂಡು ಕಟ್ಟಲ್ಲ, ಬಯಲಲ್ಲೇ ಮೊಟ್ಟೆ ಇಡುತ್ತೆ. ನಾನು ಸುತ್ತ ಬಿಟ್ಟು ಕತ್ತರಿಸ್ತೀನಿ. ಹದಿನಾಲ್ಕು ಇವೆ."

ಪುಸ್ತಕಗಳಲ್ಲಿ ಈ ಹಕ್ಕಿಗೆ ಟಿಟ್ಟಿಭ ಎಂದು ಹೆಸರು. ಬಯಲು ಕಂಡಲ್ಲೆಲ್ಲ ಇರುವ ಅತಿ ಸಾಧಾರಣ ಹಕ್ಕಿ. ಒಂದು ಪುಸ್ತಕ ತೆರೆದಿದ್ದರೆ ಈ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ಆದರೆ ಮುಂದೆ ಇದರಲ್ಲಿ ಬಂದು ಸೇರಿದ ವಿದ್ವಾಂಸರಲ್ಲಿ ಯಾರೂ ಅಂಥ ಕೆಲಸಕ್ಕೆ ಕೈ ಹಾಕಲಿಲ್ಲ.

"ಮೈದಾನ ಹೋದರೆ ನೀವೇನು ಮಾಡ್ತೀರಿ?" ಎಂದು ಸಾಹೇಬರು ಬರೆಯುತ್ತಲೇ ಕೇಳಿದರು.

"ಮೆಷಿನ್ ಜೊತೆ ನನ್ನೂ ಗುಜರಿಗೆ ಹಾಕ್ತಾರೆ. ನನ್ನದು ಬಿಡಿ, ಎಲ್ಲೋ ಒಂದು ಕಡೆ ಕಸ ಗುಡಿಸ್ಕೊಂಡಿರ್ತೀನಿ. ಈ ಸುತ್ತಿನಲ್ಲಿ ಇನ್ನೊಂದು ಕೊಳ ಇಲ್ಲ ಸಾಹೇಬ್ರೇ. ಇವು ಎಲ್ಲಿಗೆ ಹೋಗ್ತವೆ?"

ಸಾಹೇಬರು "ನೋಡೋಣ" ಎನ್ನಲು ಹೊರಟವರು ಅದನ್ನು ಬಿಟ್ಟು, ಸೋದರತ್ತೆಯ ಮುಂದೆ ಹದಿನಾಲ್ಕು ಎಂದು ಬರೆದುಕೊಂಡರು.

ಆರು ದಿನದಲ್ಲಿ ಎರಡು ವರ್ಷದ ರಿಜಿಸ್ಟರು ಸಿದ್ಧವಾಯಿತು. ಮೂರು ಬಗೆಯ ಪೆನ್ನು, ನಾಲ್ಕು ಕಡೆ ಕಾಫಿ ಕಲೆ, ಮಳೆಗೆ ತೊಯ್ದಂತೆ ಕಾಣಲು ಒಂದು ಪುಟದ ಮೇಲೆ ನಲ್ಲಿ ನೀರು. ಮೂವತ್ತೊಂದು ವರ್ಷ ಬೇರೆಯವರ ಮೋಸ ಹಿಡಿದವರಿಗೆ ಸ್ವಂತ ಮೋಸ ಮಾಡಲು ಬೇಕಾದ ತರಬೇತಿ ಪೂರ್ತಿ ಸಿಕ್ಕಿರುತ್ತದೆ.

ವಿಚಾರಣೆ ನಡೆದದ್ದು ಮೈದಾನದ ಕ್ಲಬ್ಬಿನ ಕೋಣೆಯಲ್ಲಿ. ಗೋಡೆಗೆ ಒರಗಿದ ಕಪಾಟಿನಲ್ಲಿ ಧೂಳು ಹಿಡಿದ ಕಪ್ಪುಗಳು, ನಡುವೆ ಉದ್ದ ಮೇಜು, ಒಂದು ಕಾಲು ಮುರಿದು ಇಟ್ಟಿಗೆಯ ಮೇಲೆ ನಿಂತ ಕುರ್ಚಿ. ಆ ಕುರ್ಚಿಯಲ್ಲಿ ಸಾಹೇಬರನ್ನು ಕೂರಿಸಿದ್ದರು. ವಿಚಾರಣಾಧಿಕಾರಿಗಳು ಹಿಂದಿನ ತಿಂಗಳವರೆಗೆ ಜನನ ಮರಣ ನೋಂದಣಿ ವಿಭಾಗದಲ್ಲಿದ್ದವರು. ಪರಿಸರ ವಿಭಾಗಕ್ಕೆ ವರ್ಗವಾಗಿ ಹದಿನೆಂಟು ದಿನವಾಗಿತ್ತು. ಕಟ್ಟಡ ಕಂಪನಿಯ ಪರವಾಗಿ ಒಬ್ಬ ಮ್ಯಾನೇಜರು, ಅವರ ಪಕ್ಕದಲ್ಲಿ ಕಂಪನಿಯ ಪಕ್ಷಿತಜ್ಞರು. ಈ ತಜ್ಞರ ಅಂಗಿಗೆ ಹದಿನಾರು ಜೇಬುಗಳಿದ್ದವು. ಬೀದಿಯವರು ಅದನ್ನು ಎಣಿಸಿ ಅಲ್ಲೇ ಅವರಿಗೆ ಹದಿನಾರು ಜೇಬು ಎಂದು ಹೆಸರಿಟ್ಟರು. ಮೈದಾನದಲ್ಲಿ ಒಟ್ಟು ಹನ್ನೊಂದು ಹಕ್ಕಿಗಳಿದ್ದು, ಅದರಲ್ಲಿ ಎಂಟು ಕಾಗೆಗಳೆಂದು ಅವರು ವರದಿ ಕೊಟ್ಟಿದ್ದರು. ಅವರು ಎಣಿಸಿದ್ದು ಕಾರಿನೊಳಗೆ ಕೂತು, ಮಧ್ಯಾಹ್ನ ಎರಡು ಗಂಟೆಗೆ, ಗಾಜು ಏರಿಸಿಕೊಂಡು.

ಅಧಿಕಾರಿಗಳು ಸಾಹೇಬರ ರಿಜಿಸ್ಟರು ಬಿಡಿಸಿ ಗಟ್ಟಿಯಾಗಿ ಓದಿದರು.

"'ಸೋದರತ್ತೆ. ಸಂಖ್ಯೆ ಹದಿನಾಲ್ಕು. ಕೊಳದ ಪಕ್ಕ. ನಾಲ್ಕು ಮೊಟ್ಟೆ ಇಟ್ಟಿದೆ.'" ಕನ್ನಡಕ ತೆಗೆದರು. ಒರೆಸಿ ಮತ್ತೆ ಹಾಕಿಕೊಂಡರು. "ಯಾರ ಸೋದರತ್ತೆ?"

"ಹಕ್ಕಿ ಸಾರ್."

"ಹಕ್ಕಿಯ ಸೋದರತ್ತೆಯೋ?"

"ಅಲ್ಲ ಸಾರ್. ಹಕ್ಕಿಯೇ ಸೋದರತ್ತೆ."

"ಸಂಬಂಧ ಸ್ಪಷ್ಟವಾಗಿ ಹೇಳಬೇಕು. ನಮ್ಮ ವಿಭಾಗದಲ್ಲಿ ತಂದೆ ಕಡೆ, ತಾಯಿ ಕಡೆ ಅಂತ ಬೇರೆ ಬೇರೆ ಕಲಂ ಇರ್ತಿತ್ತು." ಅವರು ಇಲಾಖೆಯ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದರು. "ಈ ಹೆಸರು ಪಟ್ಟಿಯಲ್ಲೇ ಇಲ್ಲವಲ್ಲ. ವೈಜ್ಞಾನಿಕ ಹೆಸರೇನು?"

ಸಾಹೇಬರಿಗೆ ಕೊಳದ ನೀರಿನ ನೆರವಿಲ್ಲದೆಯೇ ಬೆವರು ಬಂತು. "ಇನ್ನೂ ಇಟ್ಟಿಲ್ಲ ಸಾರ್" ಎಂದರು.

ಅಧಿಕಾರಿಗಳು ಹದಿನಾರು ಜೇಬಿನವರ ಕಡೆ ತಿರುಗಿದರು. "ನೀವು ಈ ಹಕ್ಕಿಯ ಬಗ್ಗೆ ಕೇಳಿದೀರಾ?"

ಅಂಥ ಹಕ್ಕಿಯೇ ಇಲ್ಲ ಎಂದಿದ್ದರೆ ಅಲ್ಲಿಗೆ ಮೈದಾನದ ಕಥೆ ಮುಗಿಯುತ್ತಿತ್ತು. ಕಂಪನಿಯ ಮ್ಯಾನೇಜರು ಆ ಮಾತಿಗಾಗಿಯೇ ಅವರನ್ನು ಕರೆತಂದಿದ್ದರು. ಆದರೆ ಒಬ್ಬ ತಕ್ಕಡಿ ಗುಮಾಸ್ತ ಕಂಡ ಹಕ್ಕಿಯನ್ನು ತಾವು ಕಂಡಿಲ್ಲವೆಂದು ಐವತ್ತು ಜನರ ಮುಂದೆ ಒಪ್ಪಿಕೊಳ್ಳುವುದು ಹದಿನಾರು ಜೇಬಿನ ಮನುಷ್ಯನಿಂದ ಆಗುವ ಕೆಲಸವಲ್ಲ.

"ಕೇಳೋದೇನು" ಎಂದರು ಅವರು ನಕ್ಕು. "ವಿದೇಶದಲ್ಲಿ ಸಾವಿರಗಟ್ಟಲೆ ನೋಡಿದೀನಿ. ಅಲ್ಲಿನ ಸೋದರತ್ತೆ ಸ್ವಲ್ಪ ದಪ್ಪ."

ಮ್ಯಾನೇಜರು ಮೇಜಿನ ಕೆಳಗೆ ಅವರ ಕಾಲಿಗೆ ಒದೆಯಲು ಹೋದರು. ಒದೆ ಇಟ್ಟಿಗೆಗೆ ಬಿದ್ದು, ಸಾಹೇಬರು ಕುರ್ಚಿ ಸಮೇತ ಒಂದು ಕಡೆಗೆ ವಾಲಿದರು.

"ಅಂದರೆ ಹಕ್ಕಿ ಇರೋದು ನಿಜ" ಎಂದು ಅಧಿಕಾರಿಗಳು ಬರೆದುಕೊಂಡರು.

"ಸಾರ್, ಇವರು ಕಣ್ಣಾರೆ ನೋಡಿದಾರೆ ಅನ್ನೋದಕ್ಕೆ ಸಾಕ್ಷಿ ಎಲ್ಲಿದೆ?" ಎಂದರು ಮ್ಯಾನೇಜರು.

ಮೆಷಿನಕ್ಕನನ್ನು ಕರೆಸಿದರು. ಕೈಯಲ್ಲಿ ಯಂತ್ರದ ಬೀಗದಕೈ ಹಿಡಿದು ಬಾಗಿಲ ಬಳಿಯೇ ನಿಂತರು. ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಅದು ಬೇಕಾಗುವಂಥ ಹುದ್ದೆ ಅವರಿಗೆ ಯಾರೂ ಕೊಟ್ಟಿರಲಿಲ್ಲ.

"ಇವರು ಮೈದಾನದಲ್ಲಿ ಏನು ಮಾಡ್ತಾರಮ್ಮ?"

"ಮಲಗ್ತಾರೆ."

"ಮಲಗಿ?"

"ಮಲಗಿ ಇನ್ನೇನು ಮಾಡ್ತಾರೆ. ಕಣ್ಣು ಮುಚ್ಕೊಂಡು ಮಲಗ್ತಾರೆ. ಗೊರಕೆ ಹೊಡೀತಾರೆ."

ಸಾಹೇಬರ ಹೆಂಡತಿ ಮೂರನೇ ಸಾಲಿನಿಂದ ಎದ್ದು ನಿಂತರು. ಹೆಡ್‌ಮಾಸ್ತರು ಕೂತಲ್ಲೇ ಕಣ್ಣು ಮುಚ್ಚಿದರು. ಸಾಹೇಬರನ್ನು ಕಾಪಾಡಿದ್ದು ಅವರ ಎದುರಾಳಿ. ಸಾವಿರಗಟ್ಟಲೆ ಸೋದರತ್ತೆಯರನ್ನು ಕಂಡ ಮೇಲೆ, ಅವರನ್ನು ಕಾಣುವ ಕ್ರಮ ತಮಗೆ ಗೊತ್ತಿಲ್ಲವೆಂದರೆ ಹೇಗೆ?

"ಅದೇ ಸರಿಯಾದ ಪದ್ಧತಿ ಸಾರ್" ಎಂದರು ಹದಿನಾರು ಜೇಬಿನವರು. "ಸೋದರತ್ತೆಯನ್ನ ಕಣ್ಣು ಮುಚ್ಚಿ, ಕಿವಿಯಿಂದಲೇ ಗುರುತಿಸಬೇಕು. ನಾನೂ ಹಾಗೇ ಮಾಡೋದು."

"ಗೊರಕೆ ಯಾಕೆ?"

"ಭಯಪಡಬೇಡ ಅಂತ ಹಕ್ಕಿಗೆ ತಿಳಿಸೋಕೆ."

ಅಧಿಕಾರಿಗಳು ಅದನ್ನೂ ಬರೆದುಕೊಂಡರು. ಒಂದು ವಾರದ ಮೇಲೆ ಆದೇಶ ಬಂತು. ಸೋದರತ್ತೆ ಎಂಬ ಹಕ್ಕಿ ಇದೆಯೆಂದು ಎರಡೂ ಕಡೆಯ ತಜ್ಞರು ಒಪ್ಪಿರುವುದರಿಂದಲೂ, ಇಲಾಖೆಯ ಪಟ್ಟಿಯಲ್ಲಿ ಅದು ಇಲ್ಲದಿರುವುದರಿಂದಲೂ, ಮೇಲಿನ ಕಚೇರಿ ಅದಕ್ಕೆ ಹೆಸರಿಡುವ ತನಕ ಮೈದಾನದಲ್ಲಿ ಕಲ್ಲು ಸಹ ಕದಲಿಸಕೂಡದು; ಹಕ್ಕಿಯ ಅನುಕೂಲಕ್ಕಾಗಿ ಮಾಡುವ ಕೆಲಸಗಳಿಗೆ ಮಾತ್ರ ಇದು ಅನ್ವಯಿಸದು.

ಬೀದಿ ಸಾಹೇಬರನ್ನು ಹೊತ್ತುಕೊಂಡು ಕುಣಿಯುವುದೊಂದು ಬಾಕಿ. ತೂಕ ನೋಡಿ ಆ ಯೋಚನೆ ಬಿಟ್ಟರು. ಹೆಂಡತಿ ಆದೇಶದ ಪ್ರತಿಯೊಂದನ್ನು ಅಕ್ಕನಿಗೆ ಅಂಚೆಯಲ್ಲಿ ಕಳಿಸಿದರು. ಗೊರಕೆಯ ಸಾಲಿನ ಕೆಳಗೆ ಗೆರೆ ಎಳೆದು 'ಅಂತರರಾಷ್ಟ್ರೀಯ ಪದ್ಧತಿ' ಎಂದು ಪಕ್ಕದಲ್ಲಿ ಬರೆದಿದ್ದರು. ಕಂಪನಿಯ ಮ್ಯಾನೇಜರು ಮಾತ್ರ ಆ ಆದೇಶವನ್ನು ನಾಲ್ಕು ಸಲ ಓದಿ, ಕೊನೆಯ ಸಾಲಿನಲ್ಲಿ ತಮಗೆ ಬೇಕಾದ ಬಾಗಿಲನ್ನು ಕಂಡುಕೊಂಡರು. ಹಕ್ಕಿಯ ಅನುಕೂಲ.

ಮೂರು ತಿಂಗಳಲ್ಲಿ ಹೊಸ ಯೋಜನೆ ತಯಾರಾಯಿತು. ಹೆಸರು 'ಸೋದರತ್ತೆ ವೀಕ್ಷಣಾ ಗೋಪುರ'. ಜನ ಬಂದು ಹಕ್ಕಿ ನೋಡಲು ಆರು ಮಹಡಿಯ ಗೋಪುರ. ನೋಡಲು ಬಂದವರು ಕೂರಲು ಕೆಳಗೊಂದು ಸಭಾಭವನ. ಕೂತವರು ಕೊಳ್ಳಲು ಒಂದು ಅಂಗಡಿ ಸಾಲು. ಹಕ್ಕಿಯನ್ನು ಬಿಟ್ಟಿರಲಾರದವರಿಗೆ ಪಕ್ಕದಲ್ಲೇ ಹನ್ನೆರಡು ಮಹಡಿಯ ಮನೆಗಳು. ವಾಹನಗಳನ್ನು ಎಲ್ಲಿ ನಿಲ್ಲಿಸುವುದೆಂಬ ಪ್ರಶ್ನೆಗೆ ಕೊಳ ಉತ್ತರವಾಗಿತ್ತು. ಪಾಲಿಕೆಯ ಮೇಯರಿಗೆ ಗೋಪುರದ ಮೇಲೆ ತಮ್ಮ ಹೆಸರು ಬರುವುದೆಂದು ತಿಳಿದ ಕ್ಷಣದಿಂದ ಹಕ್ಕಿಗಳ ಮೇಲೆ ವಿಪರೀತ ಪ್ರೀತಿ ಹುಟ್ಟಿತ್ತು. ಸಲಹಾ ಸಮಿತಿಗೆ ನಮ್ಮ ತಕ್ಕಡಿ ಸಾಹೇಬರನ್ನೂ ಹದಿನಾರು ಜೇಬಿನವರನ್ನೂ ಸದಸ್ಯರನ್ನಾಗಿ ಮಾಡಿದರು. ಸಾಹೇಬರು ನಕ್ಷೆಗೆ ಸಹಿ ಹಾಕಿದರು. ಬಿಡಿಸಿ ನೋಡಲಿಲ್ಲ; ಮೇಲೆ ಹಕ್ಕಿಯ ಚಿತ್ರವಿತ್ತು, ಕಾಗದ ದಪ್ಪಗಿತ್ತು, ಅಷ್ಟು ಸಾಕೆನಿಸಿತು.

ಅಡಿಗಲ್ಲು ಇಡಲು ಆರಿಸಿದ ಜಾಗ ಹದಿನಾಲ್ಕನೇ ಗುಂಡಿಯ ಹಿಂದಿನ ಬಯಲು. ಶಾಮಿಯಾನ, ಮೇಜು, ಕುರ್ಚಿ, ಮೈಕು. ಮೇಯರ್ ಕೈಗೆ ಹೊಳೆಯುವ ಕರಣೆ ಕೊಟ್ಟರು. ಮೆಷಿನಕ್ಕನನ್ನು ಯಂತ್ರದ ಸಮೇತ ಶಾಮಿಯಾನದ ಹಿಂದೆ, ಯಾರಿಗೂ ಕಾಣದಂತೆ ನಿಲ್ಲಿಸಿದ್ದರು. ಮೇಯರ್ ಕರಣೆಯಲ್ಲಿ ಸಿಮೆಂಟು ತೆಗೆದುಕೊಂಡು ಎರಡು ಹೆಜ್ಜೆ ಮುಂದೆ ಹೋದದ್ದೇ ತಡ, ಮೈಕನ್ನೂ ಮೀರಿಸುವ ಕೂಗೊಂದು ಎದ್ದಿತು. ಕಂದು ಬಣ್ಣದ ಹಕ್ಕಿಯೊಂದು ಸೀದಾ ಮೇಯರ್ ತಲೆಯ ಮೇಲೆ ಎರಗಿ, ಟೊಪ್ಪಿ ಹಾರಿಸಿ, ತಿರುಗಿ ಬಂತು. ಅಷ್ಟರಲ್ಲಿ ಇನ್ನೊಂದು ಸೇರಿಕೊಂಡಿತು. ಮೇಯರ್ ಕರಣೆಯನ್ನು ತಲೆಗೆ ಅಡ್ಡ ಹಿಡಿದರು. ಸಿಮೆಂಟು ಕೊರಳಿನೊಳಗೆ ಇಳಿಯಿತು.

"ಏನ್ರೀ ಇದು? ಯಾವ ಹಕ್ಕಿರೀ ಇದು?" ಎಂದರು ಮೇಯರ್ ಮೇಜಿನ ಕೆಳಗಿನಿಂದ.

ಅದೇ ಮೇಜಿನ ಕೆಳಗೆ ಆಗಲೇ ಸೇರಿಕೊಂಡಿದ್ದ ವಿಚಾರಣಾಧಿಕಾರಿಗಳು ಹದಿನಾರು ಜೇಬಿನವರ ಕಡೆ ನೋಡಿದರು.

"ತೀರಾ ಸಾಮಾನ್ಯ ಹಕ್ಕಿ ಸಾರ್. ಕಾಟ ಕೊಡೋ ಜಾತಿ" ಎಂದರು ಅವರು, ಒಂದು ಜೇಬಿನಿಂದ ಕರವಸ್ತ್ರ ತೆಗೆದು ತಲೆಗೆ ಹೊದೆಯುತ್ತ. "ಇವು ಇರೋವರೆಗೂ ಸೋದರತ್ತೆ ಈ ಕಡೆ ತಲೆ ಹಾಕಲ್ಲ. ಸೋದರತ್ತೆ ಉಳೀಬೇಕು ಅಂದರೆ ಮೊದಲು ಇವನ್ನ ತೆಗೀಬೇಕು."

"ತೆಗೆಸಿ" ಎಂದರು ಮೇಯರ್.

"ಎಲ್ಲೋ ಇಲ್ಲೇ ಮೊಟ್ಟೆ ಇರಬೇಕು ಸಾರ್. ಮೆಷಿನ್ ಓಡಿಸಿಬಿಟ್ಟರೆ ತಾವಾಗೇ ಹೋಗ್ತವೆ" ಎಂದರು ಮ್ಯಾನೇಜರು. ಅಧಿಕಾರಿಗಳು ಶಾಮಿಯಾನದ ಹಿಂದಿನಿಂದ ಮೆಷಿನಕ್ಕನನ್ನು ಕೂಗಿ ಕರೆದರು. "ಈ ಜಾಗದ ಮೇಲೆ ಒಂದು ಸಲ ಓಡಿಸಮ್ಮ. ಹುಲ್ಲು ನೆಲಮಟ್ಟಕ್ಕೆ ಬರಲಿ."

ಮೆಷಿನಕ್ಕ ಯಂತ್ರದಿಂದ ಬೀಗದಕೈ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಾನು ಓಡಿಸಲ್ಲ. ನಾಲ್ಕು ಮೊಟ್ಟೆ ಇವೆ. ಕಾವಿಗೆ ಕೂತು ಹತ್ತು ದಿನ ಆಯ್ತು."

"ಕೆಲಸ ಹೋಗುತ್ತೆ ನೋಡು."

"ಹೋಗಲಿ." ಎಂದವರು ತಕ್ಕಡಿ ಸಾಹೇಬರ ಕಡೆ ತಿರುಗಿದರು. ಬೇಡಿಕೊಳ್ಳುವಂತೇನೂ ನೋಡಲಿಲ್ಲ. ಇವರು ಈಗ ಏನು ಮಾಡುತ್ತಾರೆ ನೋಡೋಣ ಎನ್ನುವಂತೆ ನೋಡಿದರು.

ಸಾಹೇಬರು ಎರಡೂ ಕಡೆ ತೂಗಿ ನೋಡಿದರು. ಇದು ಸಾಧಾರಣ ಹಕ್ಕಿ, ಇದನ್ನೇ ನಾನು ಬರೆದದ್ದು ಎಂದರೆ ಆದೇಶ ಬಿದ್ದುಹೋಗುತ್ತದೆ. ಹಕ್ಕಿ, ಕೊಳ, ಮೈದಾನ ಎಲ್ಲವೂ ಹೋಗುತ್ತವೆ. ಸುಮ್ಮನಿದ್ದರೆ, ಕಾಗದದ ಮೇಲಿನ ಸೋದರತ್ತೆಯನ್ನು ಉಳಿಸುವ ಸಲುವಾಗಿ ನೆಲದ ಮೇಲಿರುವ ಸೋದರತ್ತೆಯ ಮೊಟ್ಟೆ ಒಡೆಯುತ್ತಾರೆ. ಶಾಮಿಯಾನದ ತುಂಬ ಕೂತ ವಿದ್ಯಾವಂತರಲ್ಲಿ ಒಬ್ಬರಿಗೂ ಇದರಲ್ಲಿ ತಮಾಷೆಯಾಗಲಿ ತಪ್ಪಾಗಲಿ ಕಾಣುತ್ತಿರಲಿಲ್ಲ. ಸಾಹೇಬರು ಕೊರಳಿನ ದುರ್ಬೀನು ತೆಗೆದು ಕುರ್ಚಿಯ ಮೇಲಿಟ್ಟು ಮುಂದೆ ಬಂದರು.

"ಸಾರ್, ಇದೇ ಸೋದರತ್ತೆ."

"ಏನು?" ಎಂದರು ಅಧಿಕಾರಿಗಳು. "ಇದು ಸಾಮಾನ್ಯ ಹಕ್ಕಿ ಅಂತ ಇವರು ಈಗ ತಾನೇ ಹೇಳಿದರಲ್ಲ?"

ಸಾಹೇಬರು ಹದಿನಾರು ಜೇಬಿನವರ ಕಡೆ ತಿರುಗಿ, ಮೋಸದ ತಕ್ಕಡಿಯ ಅಂಗಡಿಯವರೊಂದಿಗೆ ಮಾತಾಡುವಾಗ ಬಳಸುತ್ತಿದ್ದ ಅದೇ ಇಲಾಖೆಯ ವಿನಯದಿಂದ ಹೇಳಿದರು: "ಅವರು ಸುಮ್ಮನೆ ಹಾಗಂದರು ಸಾರ್. ಕಾವಿಗೆ ಕೂತಾಗ ಸೋದರತ್ತೆ ಥೇಟ್ ಸಾಮಾನ್ಯ ಹಕ್ಕಿಯ ಹಾಗೇ ಕಾಣುತ್ತೆ. ಯಾರೂ ಗುರುತು ಹಿಡೀಬಾರದು ಅಂತ. ವಿದೇಶದಲ್ಲಿ ಸಾವಿರಗಟ್ಟಲೆ ನೋಡಿದೋರಿಗೆ ಇದು ಗೊತ್ತಿರಲ್ವಾ? ಇವರಿಗೆ ಗೊತ್ತು. ಅಲ್ವಾ ಸಾರ್?"

ಹದಿನಾರು ಜೇಬಿನವರ ಕೈಗಳು ಎದೆಯ ಜೇಬಿನಿಂದ ಸೊಂಟದ ಜೇಬಿಗೆ, ಅಲ್ಲಿಂದ ತೋಳಿನ ಜೇಬಿಗೆ ಹರಿದಾಡಿದವು. ಗೊತ್ತಿಲ್ಲ ಎಂಬ ಮಾತು ಯಾವ ಜೇಬಿನಲ್ಲೂ ಇರಲಿಲ್ಲ.

"ಹೌದು" ಎಂದರು ಕೊನೆಗೆ. "ನಾನು ಅದನ್ನೇ ಹೇಳೋನಿದ್ದೆ. ಇವರಿಗೆ ಗೊತ್ತಾ ಅಂತ ಪರೀಕ್ಷೆ ಮಾಡ್ತಿದ್ದೆ."

ಮ್ಯಾನೇಜರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಅಧಿಕಾರಿಗಳು ಮೇಜಿನ ಕೆಳಗೇ ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಕೇಳಿದರು. "ಹಾಗಾದರೆ ಕಾವಿನ ಜಾಗದಿಂದ ಎಷ್ಟು ದೂರ ಬಿಡಬೇಕು?"

ಇಡೀ ವ್ಯವಹಾರದಲ್ಲಿ ಸಾಹೇಬರಿಗೆ ನಿಜವಾಗಿ ಗೊತ್ತಿದ್ದ ವಿಷಯ ಅಳತೆಯೊಂದೇ. ಮೈದಾನದ ಈ ಗೋಡೆಯಿಂದ ಆ ಗೋಡೆಗೆ ಎಷ್ಟು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದರು.

"ಎಲ್ಲಾ ದಿಕ್ಕಿಗೂ ನಾನೂರು ಮೀಟರ್ ಸಾರ್."

"ಐನೂರು" ಎಂದರು ತಕ್ಷಣ ಹದಿನಾರು ಜೇಬಿನವರು. ಒಬ್ಬ ತಕ್ಕಡಿಯವನಿಗಿಂತ ನೂರು ಮೀಟರ್ ಹೆಚ್ಚಿನ ಪಾಂಡಿತ್ಯ ತೋರಿಸದೆ ಅವರು ಮನೆಗೆ ಹೋಗುವಂತಿರಲಿಲ್ಲ.

ಐನೂರು ಮೀಟರಿನೊಳಗೆ ಇಡೀ ಮೈದಾನ ಬಂತು. ಗೋಪುರಕ್ಕೂ ಅದರ ಪರಿವಾರಕ್ಕೂ ಒಳಗೆ ಒಂದಂಗುಲ ಜಾಗ ಉಳಿಯಲಿಲ್ಲ. ಮೈದಾನದ ಜೊತೆಗೆ ಅದರ ಗೋಡೆ, ಗೋಡೆಯ ಆಚೆಯ ಬೀದಿ, ಬೀದಿಯ ಮೊದಲ ಎಂಟು ಮನೆಗಳೂ ಬಂದವು. ಅಲ್ಲಿ ಹೊಸ ಕಟ್ಟಡ ಏಳಕೂಡದು, ವಾಹನ ನಿಲ್ಲಕೂಡದು ಎಂದು ಆದೇಶವಾಯಿತು. ಹೆಡ್‌ಮಾಸ್ತರ ಎರಡನೇ ಮಹಡಿ ಕಾಗದದಲ್ಲೇ ಉಳಿಯಿತು, ಔಷಧಿ ಅಂಗಡಿಯವರ ಕಾರುಗಳಿಗೆ ದಂಡದ ಚೀಟಿ ಅಂಟಿತು. ಮೂಕ ಜೀವಿಗಳಿಗಾಗಿ ನಿದ್ದೆಗೆಟ್ಟಿದ್ದ ಹೆಡ್‌ಮಾಸ್ತರು ಅಂದಿನಿಂದ ಸಾಹೇಬರನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗತೊಡಗಿದರು. 'ಹಕ್ಕಿಗೂಡು' ಊರಿನ ಇನ್ನೊಂದು ಮೂಲೆಗೆ ಹೋಯಿತು. ಅಲ್ಲಿ ಹಕ್ಕಿಗಳಿದ್ದವೋ ಇಲ್ಲವೋ ಯಾರಿಗೂ ತಿಳಿಯದು. ಅಲ್ಲಿ ಯಾರೂ ಮಲಗುತ್ತಿರಲಿಲ್ಲ. ಹದಿನಾರು ಜೇಬಿನವರು 'ಸೋದರತ್ತೆಯ ಕಾವು: ನನ್ನ ಸಂಶೋಧನೆ' ಎಂಬ ಭಾಷಣ ಮಾಡುತ್ತ ಊರೂರು ಸುತ್ತತೊಡಗಿದರೆಂದು ಪತ್ರಿಕೆಯಲ್ಲಿ ಬಂತು. ಅದನ್ನು ಓದಿ ಸಾಹೇಬರ ಹೆಂಡತಿ ಎರಡು ದಿನ ಗಂಡನೊಂದಿಗೆ ಮಾತಾಡಲಿಲ್ಲ.

ಮೆಷಿನಕ್ಕನ ಕೆಲಸ ಹೋಗಲಿಲ್ಲ. ಐನೂರು ಮೀಟರಿನೊಳಗೆ ಯಂತ್ರ ತರಲು ಯಾರಿಗೆ ಅನುಮತಿ ಇದೆ ಎಂದು ಅಧಿಕಾರಿಗಳು ಹುಡುಕಿದಾಗ, ಹಕ್ಕಿ ಯಾರಿಗೆ ಬೈಯುವುದಿಲ್ಲವೋ ಅವರಿಗೆ ಎಂದು ಸಾಹೇಬರು ಬರೆದುಕೊಟ್ಟಿದ್ದರು. ಅಂಥವರು ಒಬ್ಬರೇ ಸಿಕ್ಕರು.

ಹದಿನೆಂಟು ದಿನವಾದ ಮೇಲೆ ಒಂದು ಬೆಳಿಗ್ಗೆ ಮೈದಾನದ ಗೇಟಿನ ಹೊರಗೆ ನಿಂತಿದ್ದ ಸಾಹೇಬರನ್ನು ಮೆಷಿನಕ್ಕ ಕೈ ಮಾಡಿ ಕರೆದರು.

"ಬನ್ನಿ. ಮೊಟ್ಟೆ ಒಡೆದಿದೆ. ನಾಲ್ಕೂ ಮರಿ ಆಗಿವೆ. ಸದ್ದು ಮಾಡಬೇಡಿ."

ಇಬ್ಬರೂ ಹುಲ್ಲಿನಲ್ಲಿ ಮೊಣಕಾಲೂರಿ ಕೂತರು. ಮುಂದೆ ಬೋಳು ನೆಲ, ಒಂದಷ್ಟು ಕಲ್ಲು, ಒಣಗಿದ ಎಲೆ. ತಾಯಿ ಹಕ್ಕಿ ದೂರದಲ್ಲಿ ನಿಂತು ಸಾಹೇಬರಿಗೆ ಬಾಯಿಗೆ ಬಂದಂತೆ ಬೈಯುತ್ತಿತ್ತು.

"ಕಾಣ್ತಾ?" ಎಂದರು ಮೆಷಿನಕ್ಕ.

"ಕಾಣ್ತು, ಕಾಣ್ತು. ಬಹಳ ಚೆನ್ನಾಗಿವೆ."

"ಏನು ಕಾಣ್ತು? ನಾನಿನ್ನೂ ತೋರಿಸೇ ಇಲ್ಲ."

ಸಾಹೇಬರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಹಾಕಿಕೊಂಡರು.

"ಏನೂ ಕಾಣ್ತಿಲ್ಲ" ಎಂದರು. "ಎಲ್ಲಿ ನೋಡಬೇಕು ಅಂತಾನೂ ಗೊತ್ತಿಲ್ಲ."

"ಹಾಂ. ಈಗ ತೋರಿಸ್ತೀನಿ, ಹೀಗೆ ಬಗ್ಗಿ" ಎಂದು ಮೆಷಿನಕ್ಕ ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಲದ ಕಡೆಗೆ ತಿರುಗಿಸಿದರು. ಸಾಹೇಬರ ಮೂಗಿನಿಂದ ಒಂದು ಮೊಳ ದೂರದಲ್ಲಿದ್ದ ಕಲ್ಲೊಂದು ಎದ್ದು, ಉದ್ದುದ್ದ ಕಾಲು ಎತ್ತಿ ಹಾಕುತ್ತ, ಕೊಳದ ಕಡೆಗೆ ಓಡಿತು.